ಬಚ್ಚಲು ಒಲೆಯ ಲೆಕ್ಕ: ಮಲೆನಾಡಿನ ಒಂದು ಮನೆಯ ಪ್ರಕರಣ

ಮನೆ ಮನೆಗೆ ಹೋಗಿ ತುಂಬಿಸುವ ಫಾರಂನಲ್ಲಿ ಒಂದು ಪ್ರಶ್ನೆ ಇರುತ್ತದೆ: ಅಡುಗೆಗೆ ಏನು ಉರಿಸುತ್ತೀರಿ? ಈ ಮನೆಯ ಸೊಸೆ ‘ಗ್ಯಾಸ್’ ಎಂದರು. ನಾನು ಟಿಕ್ ಹಾಕಿ ಮುಂದಿನ ಪ್ರಶ್ನೆಗೆ ಹೋದೆ. ಅಡುಗೆಮನೆಯಲ್ಲಿ ಹೊಗೆ ಇರಲಿಲ್ಲ, ಗೋಡೆ ಬೆಳ್ಳಗಿತ್ತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ ಸುಮಾರು 80 ಮನೆಗಳು ಶುದ್ಧ ಇಂಧನದಲ್ಲಿ ಅಡುಗೆ ಮಾಡುತ್ತವೆ. ಈ ಮನೆಯೂ ಆ 80ರಲ್ಲಿ ಒಂದು.

ಆದರೂ ಜಗಲಿಯಲ್ಲಿ ಕೂತ ಅಜ್ಜಿಯ ಕೆಮ್ಮು ನಿಲ್ಲುತ್ತಿರಲಿಲ್ಲ.

ನಾನು ಶಿವಮೊಗ್ಗ ಜಿಲ್ಲೆಯ ಘಟ್ಟದ ಅಂಚಿನ ಹಳ್ಳಿಗಳಲ್ಲಿ ಆರೋಗ್ಯದ ಕೆಲಸ ಮಾಡುವವಳು. ಈ ಮನೆಯವರನ್ನು ಕೇಳಿ, ಅವರು ಒಪ್ಪಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಊರು, ಹೆಸರು ಬಿಟ್ಟಿದ್ದೇನೆ. ಗುರುತು ಸಿಗಬಹುದಾದ ಒಂದೆರಡು ಸಣ್ಣ ವಿವರ ಬದಲಿಸಿದ್ದೇನೆ. ಇದರಲ್ಲಿ ನನ್ನದೇ ಒಂದು ದೊಡ್ಡ ತಪ್ಪೂ ಇದೆ. ಬೇರೆಯವರು ಅದನ್ನು ಮಾಡಬಾರದು ಅನ್ನುವುದೇ ಬರೆಯಲು ಮುಖ್ಯ ಕಾರಣ.

ಮನೆ ಮತ್ತು ಬಚ್ಚಲು

ಐದು ಜನರ ಮನೆ. 63 ವರ್ಷದ ಅಜ್ಜಿ, ಮಗ, ಸೊಸೆ, 13 ವರ್ಷದ ಮೊಮ್ಮಗಳು, 8 ವರ್ಷದ ಮೊಮ್ಮಗ. ಪಾಲಾದ ಮೇಲೆ ಉಳಿದಿದ್ದು ಒಂದು ಎಕರೆಗೂ ಕಡಿಮೆ ಅಡಿಕೆ ತೋಟ. ಎರಡು ಹಸು. 2018ರಲ್ಲಿ ಗ್ಯಾಸ್ ಬಂತು.

ಬಚ್ಚಲುಮನೆ ಹಿತ್ತಿಲ ಕಡೆ ಇದೆ. ಹಂಚಿನ ಮಾಡು, ಒಂದು ಬಾಗಿಲು, ಕಿಟಕಿಯ ಜಾಗದಲ್ಲಿ ಎರಡು ಇಟ್ಟಿಗೆಯಷ್ಟು ಸಂದು. ಮೂಲೆಯಲ್ಲಿ ಒಲೆ, ಅದರ ಮೇಲೆ ಕೂರಿಸಿದ ತಾಮ್ರದ ಹಂಡೆ. ಮೇಲೆ ಬಿದಿರಿನ ಗಳ ಕಟ್ಟಿದ್ದಾರೆ. ಮಳೆಗಾಲದಲ್ಲಿ ಶಾಲೆಯ ಯೂನಿಫಾರ್ಮ್, ಕಂಬಳಿ, ಟವೆಲ್ಲು ಎಲ್ಲ ಅಲ್ಲೇ ಒಣಗಬೇಕು. ಹೊಗೆ ಹೋಗಲು ಬೇರೆ ದಾರಿ ಇರಲಿಲ್ಲ. ಹಂಚಿನ ಸಂದಿಯಲ್ಲೇ ಹೋಗಬೇಕು, ಇಲ್ಲವೇ ಬಾಗಿಲಲ್ಲಿ. ಮಾಡಿನಿಂದ ಇಲ್ಲಣ ಜೋತಾಡುತ್ತಿತ್ತು.

ಅಜ್ಜಿ ಬೆಳಗ್ಗೆ ನಾಲ್ಕೂವರೆಗೆ ಎದ್ದು ಒಲೆ ಹೊತ್ತಿಸುತ್ತಿದ್ದರು. ಒಂಬತ್ತರವರೆಗೂ ಅದು ಉರಿಯುತ್ತಿತ್ತು. ಸ್ನಾನದ ನೀರಾದ ಮೇಲೆ ಹಸುವಿಗೆ ಅಕ್ಕಚ್ಚು ಬಿಸಿ ಮಾಡಬೇಕು, ಹುರುಳಿ ಬೇಯಿಸಬೇಕು. ಸಂಜೆ ಮತ್ತೆ ಎರಡು ಗಂಟೆ. ಈ ಹೊತ್ತಿನಲ್ಲೆಲ್ಲ ಅಜ್ಜಿ ಅಲ್ಲೇ ಮಣೆ ಹಾಕಿಕೊಂಡು ಊದುಗೊಳವೆ ಹಿಡಿದು ಕೂತಿರುತ್ತಿದ್ದರು. ಇದನ್ನು ನಾನು ಕಂಡಿದ್ದು ನಾಲ್ಕನೇ ಸಲ ಹೋದಾಗ. ಅದೂ ಅಕಸ್ಮಾತ್. ಸೊಸೆ ಕಣ್ಣು ಕೆಂಪು ಮಾಡಿಕೊಂಡು ಹಿತ್ತಿಲಿನಿಂದ ಬಂದರು. ‘ಏನಾಯ್ತು?’ ಅಂದೆ. ‘ಬಚ್ಚಲು ಒಲೆ ಅಲ್ವಾ ಮೇಡಂ, ಸೌದೆ ಹಸಿ’ ಎಂದರು. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ ಅವರು ಕೊಟ್ಟ ಉತ್ತರ ನನಗೆ ಈಗಲೂ ನೆನಪಿದೆ. ‘ನೀವು ಅಡುಗೆದು ಕೇಳಿದ್ರಿ.’

ಕಾಯಿಲೆ ಮತ್ತು ಖರ್ಚು

ಇದು 2022ರ ಜುಲೈ. ಅಜ್ಜಿಗೆ ಕೆಮ್ಮು ಆರು ವರ್ಷದಿಂದ ಇತ್ತು. ತೋಟದ ದಾರಿಯ ಏರಿನಲ್ಲಿ ಎರಡು ಕಡೆ ನಿಂತು ಉಸಿರು ತೆಗೆದುಕೊಳ್ಳಬೇಕಿತ್ತು. ‘ವಯಸ್ಸಾಯ್ತಲ್ಲ ಮಾರಾಯ್ತಿ, ಇನ್ನೆಂಥ’ ಎನ್ನುತ್ತಿದ್ದರು. ಆಗಸ್ಟ್‌ನಲ್ಲಿ ಉಸಿರು ತೀರಾ ಕಟ್ಟಿ ಆಸ್ಪತ್ರೆಗೆ ಸೇರಿಸಬೇಕಾಯಿತು. ಐದು ದಿನ. ಅಲ್ಲಿ ಜೋರಾಗಿ ಊದಿಸಿ ನೋಡುವ ಪರೀಕ್ಷೆ, ಅಂದರೆ ಸ್ಪೈರೊಮೆಟ್ರಿ ಮಾಡಿದರು. ಸಿಓಪಿಡಿ ಎಂದು ಬರೆದರು. ಶ್ವಾಸನಾಳಗಳು ಕಿರಿದಾಗಿ, ಒಳಗೆ ಹೋದ ಗಾಳಿ ಸಲೀಸಾಗಿ ಹೊರಗೆ ಬರದ ಕಾಯಿಲೆ. ಔಷಧಿಯಿಂದ ಹತೋಟಿಗೆ ಬರುತ್ತದೆ, ಆದರೆ ಹಾಳಾದ ಶ್ವಾಸಕೋಶ ಮೊದಲಿನಂತೆ ಆಗುವುದಿಲ್ಲ.

ವೈದ್ಯರು ‘ಬೀಡಿ ಸೇದ್ತೀರಾ?’ ಎಂದು ಕೇಳಿದರಂತೆ. ಇಲ್ಲ ಎಂದದ್ದಕ್ಕೆ ಇನ್ಹೇಲರ್ ಬರೆದು ಕಳಿಸಿದರು. ಅಲ್ಲಿಯೂ ಬಚ್ಚಲಿನ ಪ್ರಶ್ನೆ ಬರಲಿಲ್ಲ. ಬೀಡಿ ಮುಟ್ಟದ ಹೆಂಗಸರಿಗೆ ಈ ಕಾಯಿಲೆ ಬರಲು ಸೌದೆ, ಬೆರಣಿಯ ಹೊಗೆ ದೊಡ್ಡ ಕಾರಣ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2020ರಲ್ಲಿ ಮನೆಯೊಳಗಿನ ಹೊಗೆಯಿಂದ ಪ್ರಪಂಚದಲ್ಲಿ ಸುಮಾರು 32 ಲಕ್ಷ ಜನ ಸತ್ತರು. ಅಜ್ಜಿ ಇನ್ಹೇಲರ್ ಎಳೆದುಕೊಂಡು ಮರುದಿನ ಬೆಳಗ್ಗೆ ನಾಲ್ಕೂವರೆಗೆ ಮತ್ತೆ ಅದೇ ಒಲೆಯ ಮುಂದೆ ಕೂತರು.

ಒಲೆ ಬಿಡಿ ಎಂದು ನಾನು ಹೇಳಿದಾಗ ಮಗ ಕೊಟ್ಟ ಉತ್ತರ: ‘ಸೌದೆ ಪುಕ್ಕಟೆ ಸಿಗುತ್ತೆ ಮೇಡಂ. ಗ್ಯಾಸಿಗೆ ದುಡ್ಡು ಕೊಡಬೇಕು.’

ಅವರ ತಂದೆಯ ಕಾಲದಲ್ಲಿ ಅದು ನಿಜ. ಆಗ ಬೆಟ್ಟ ಇತ್ತು, ತೋಟ ದೊಡ್ಡದಿತ್ತು, ಕಡಿಯುವವರು ಮನೆಯಲ್ಲೇ ಇದ್ದರು. ನಾವು ಒಂದು ನೋಟ್‌ಬುಕ್ ಇಟ್ಟೆವು. ಸೊಸೆ ಒಂದು ವಾರ ಸೌದೆಯನ್ನು ತೂಗಿ ಬರೆದರು. ದಿನಕ್ಕೆ ಸರಾಸರಿ 8 ಕಿಲೋ. ವರ್ಷಕ್ಕೆ ಸುಮಾರು 3 ಟನ್. ತೋಟದ ಒಣ ಸೋಗೆ, ಹಾಳೆ, ತೆಂಗಿನ ಗರಿ, ಬಿದ್ದ ಮರ ಎಲ್ಲ ಸೇರಿ ಒಂದು ಟನ್ ಬಂದರೆ ಹೆಚ್ಚು. ಉಳಿದ ಎರಡು ಟನ್ ಪಿಕಪ್‌ನಲ್ಲಿ ಬರುತ್ತಿತ್ತು. ಅದಕ್ಕೆ 10,000 ರೂಪಾಯಿ. ಒಡೆಸುವ ಕೂಲಿ 1,800. ಇನ್ಹೇಲರ್ ಮತ್ತು ಮಾತ್ರೆಗೆ ತಿಂಗಳಿಗೆ 600ರಂತೆ 7,200. ಆಸ್ಪತ್ರೆ, ಬಾಡಿಗೆ ಕಾರು, ಊಟ ಸೇರಿ 18,500. ಕೂಡಿಸಿದರೆ 37,500. ಇದರಲ್ಲಿ ಮಗ ಕೆಲಸ ಬಿಟ್ಟ ದಿನಗಳು ಸೇರಿಲ್ಲ.

ಮಗ ನೋಟ್‌ಬುಕ್ ಅನ್ನು ಎರಡು ಸಲ ಓದಿದರು. ‘ಸೌದೆ ದುಡ್ಡು ಅಡಿಕೆ ಮಾರಿದಾಗ ಒಟ್ಟಿಗೆ ಹೋಗ್ತಿತ್ತು, ಗೊತ್ತೇ ಆಗ್ತಿರಲಿಲ್ಲ’ ಎಂದರು. ಆ ಮಾತಿಗೆ ನಾನು ಆಗ ಬೆಲೆ ಕೊಡಲಿಲ್ಲ. ಆಮೇಲೆ ಕೊಡಬೇಕಾಯಿತು.

ಇನ್ನೊಂದು ಲೆಕ್ಕವನ್ನೂ ಹೇಳಬೇಕು. ಐದು ಜನಕ್ಕೆ 100 ಲೀಟರ್ ನೀರನ್ನು 20 ಡಿಗ್ರಿಯಿಂದ 45 ಡಿಗ್ರಿಗೆ ಕಾಯಿಸಲು ಬೇಕಾದ ಶಾಖ, ಕರೆಂಟಿನ ಲೆಕ್ಕದಲ್ಲಿ, 3 ಯೂನಿಟ್‌ಗಿಂತ ಸ್ವಲ್ಪ ಕಡಿಮೆ. ಒಣ ಸೌದೆಯ ಒಂದು ಕಿಲೋದಲ್ಲಿ 4 ಯೂನಿಟ್‌ಗೂ ಹೆಚ್ಚು ಶಾಖ ಇರುತ್ತದೆ. ಮಳೆಗಾಲದ ಹಸಿ ಸೌದೆಯಲ್ಲಿ ಮೊದಲು ಅದರೊಳಗಿನ ನೀರೇ ಆವಿಯಾಗಬೇಕು. ಹಾಗಾಗಿ 3 ಎಂದೇ ಇಟ್ಟುಕೊಳ್ಳೋಣ. ಆದರೂ 8 ಕಿಲೋಗೆ 24 ಯೂನಿಟ್ ಆಯಿತು. ಸ್ನಾನದ ನೀರಿಗೆ ಹೋಗಿದ್ದು ಅದರಲ್ಲಿ ಎಂಟನೇ ಒಂದು ಪಾಲು. ಉಳಿದದ್ದು ಅಕ್ಕಚ್ಚಿಗೆ, ಗೋಡೆಗೆ, ಗಾಳಿಗೆ. ಒಂದಿಷ್ಟು ಪೂರ್ತಿ ಉರಿಯದೆ ಹೊಗೆಯಾಗಿ ಅಜ್ಜಿಯ ಎದೆಗೆ.

ಮೊದಲ ಪ್ರಯತ್ನ: ವಾಟರ್ ಹೀಟರ್ ಕಾಯಿಲ್

ಅಕ್ಟೋಬರ್‌ನಲ್ಲಿ ಮಗ ಪೇಟೆಯಿಂದ ಬಕೆಟ್‌ಗೆ ಇಳಿಬಿಡುವ ಕಾಯಿಲ್ ತಂದರು. ಎಲ್ಲಕ್ಕಿಂತ ಅಗ್ಗ ಅದು. ಮನೆಯ ವೈರಿಂಗ್ ಹಳೆಯದು, ಅರ್ಥಿಂಗ್ ಇರಲಿಲ್ಲ. ಸ್ಟೀಲ್ ಬಕೆಟ್ ಮುಟ್ಟಿದಾಗ ಸೊಸೆಗೆ ಜುಂ ಎಂದಿತು. ಅದೃಷ್ಟಕ್ಕೆ ಅಷ್ಟರಲ್ಲೇ ಮುಗಿಯಿತು. ಒಂದೇ ವಾರದಲ್ಲಿ ಕಾಯಿಲ್ ಅಟ್ಟ ಸೇರಿತು. ಸೋಲಾರ್ ಕೂಡ ಯೋಚಿಸಿದೆವು. ಮನೆಯ ಸುತ್ತ ಅಡಿಕೆ ಮರಗಳ ನೆರಳು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲೇ ಇಲ್ಲ. ಬಿಸಿನೀರು ಬೇಕಾದ ಕಾಲಕ್ಕೇ ಅದು ಕೈಕೊಡುತ್ತದೆ. ಆ ಮಾತು ಅಲ್ಲಿಗೇ ಬಿಟ್ಟೆವು.

ಎರಡನೇ ಪ್ರಯತ್ನ, ಮತ್ತು ನನ್ನ ತಪ್ಪು

‘ಹಾಗಾದ್ರೆ ಗ್ಯಾಸ್ ಗೀಸರ್ ಹಾಕಿಸಿ’ ಎಂದವಳು ನಾನೇ. ಲೆಕ್ಕ ಸರಿ ಇತ್ತು. 100 ಲೀಟರ್ ನೀರಿಗೆ ದಿನಕ್ಕೆ ಹೆಚ್ಚೆಂದರೆ 300 ಗ್ರಾಂ ಗ್ಯಾಸ್. 14.2 ಕಿಲೋ ಸಿಲಿಂಡರ್ 45ರಿಂದ 50 ದಿನ ಬರುತ್ತದೆ. ಕರೆಂಟ್ ಹೋದರೂ ನಡೆಯುತ್ತದೆ, ಕಿಡಿ ಹೊತ್ತಿಸಲು ಎರಡು ಟಾರ್ಚ್ ಸೆಲ್ ಸಾಕು. 4,200 ರೂಪಾಯಿ ಕೊಟ್ಟು ತಂದರು.

ಅದನ್ನು ಎಲ್ಲಿ ಹಾಕುತ್ತೀರಿ ಎಂದು ನಾನು ಕೇಳಲಿಲ್ಲ. ಹಾಕಿದ ಮೇಲೆ ಹೋಗಿ ನೋಡಲೂ ಇಲ್ಲ.

ಮಗ ಆ ಡಿಸೆಂಬರ್‌ನಲ್ಲಿ ಮನೆಯೊಳಗೆ ಹೊಸ ಸ್ನಾನದ ಕೋಣೆ ಕಟ್ಟಿಸಿದ್ದರು. 4 ಅಡಿ ಅಗಲ, 6 ಅಡಿ ಉದ್ದ, 8 ಅಡಿ ಎತ್ತರ. ಟೈಲ್ಸ್, ಬಿಗಿಯಾದ ಫೈಬರ್ ಬಾಗಿಲು. ಮೇಲಿನ ಗಾಳಿಕಿಂಡಿಯಿಂದ ಚಳಿ ಬರುತ್ತದೆ ಎಂದು ಪ್ಲಾಸ್ಟಿಕ್ ಹಾಳೆ ಬಡಿದಿದ್ದರು. ಗೀಸರ್ ಆ ಕೋಣೆಯ ಒಳಗೇ, ಗೋಡೆಯಲ್ಲಿ.

2023ರ ಜನವರಿ, ಒಂದು ಭಾನುವಾರ. ಮಗ ಸ್ನಾನ ಮಾಡಿದರು, ಆಮೇಲೆ ಮೊಮ್ಮಗ. ಮೂರನೆಯವಳು ಮೊಮ್ಮಗಳು, ಅವತ್ತು ತಲೆಸ್ನಾನ. ಒಳಗೆ ಚೊಂಬು ಬಿದ್ದ ಸದ್ದು ಕೇಳಿತು. ಸೊಸೆ ಕರೆದರು, ಉತ್ತರ ಬರಲಿಲ್ಲ. ಬಾಗಿಲು ಒದ್ದು ತೆಗೆದರು. ಹುಡುಗಿ ಗೋಡೆಗೆ ಒರಗಿ ಕುಸಿದಿದ್ದಳು. ಹೊರಗೆ ಎಳೆದು ಜಗಲಿಯಲ್ಲಿ ಮಲಗಿಸಿದ ಮೇಲೆ ಕೆಲವು ನಿಮಿಷಕ್ಕೆ ಕಣ್ಣು ಬಿಟ್ಟಳು. ವಾಂತಿ, ತಡೆಯಲಾರದ ತಲೆನೋವು.

ಹತ್ತಿರದ ಕ್ಲಿನಿಕ್‌ಗೆ ಕರೆದುಕೊಂಡು ಹೋದರು. ಬೆರಳಿಗೆ ಸಿಕ್ಕಿಸುವ ಯಂತ್ರ 98 ತೋರಿಸಿತು. ಆಮ್ಲಜನಕ ಚೆನ್ನಾಗಿದೆ, ಖಾಲಿ ಹೊಟ್ಟೆಯಲ್ಲಿ ಬಿಸಿನೀರು ಸ್ನಾನ ಮಾಡಿದ್ದಕ್ಕೆ ತಲೆ ಸುತ್ತಿದೆ ಎಂದು ಮನೆಗೆ ಕಳಿಸಿದರು. ನೆಂಟರೊಬ್ಬರು ಪಿತ್ತ ಎಂದರು. ಇನ್ನೊಬ್ಬರು ದೃಷ್ಟಿ ತೆಗೆಯಿರಿ ಎಂದರು. ಮರುದಿನ ಅದೇ ಕೋಣೆಯಲ್ಲಿ ಅದೇ ಗೀಸರ್ ಮತ್ತೆ ಉರಿಯಿತು.

ನನಗೆ ಗೊತ್ತಾಗಿದ್ದು ಮೂರನೇ ದಿನ. ಸೊಸೆ ಬೇರೇನೋ ಹೇಳುತ್ತಾ ಮಧ್ಯೆ ಹೇಳಿದರು: ‘ನಂಗೂ ಅಲ್ಲಿ ಬಟ್ಟೆ ಒಗೆದ ದಿನ ತಲೆ ಸಿಡಿಯುತ್ತೆ. ಅತ್ತೆಗೆ ಮಾತ್ರ ಏನೂ ಇಲ್ಲ.’ ಅಜ್ಜಿ ಹೊಸ ಕೋಣೆಗೆ ಕಾಲಿಟ್ಟಿರಲಿಲ್ಲ. ಹಳೆ ಬಚ್ಚಲಲ್ಲೇ ಹಂಡೆ ನೀರು. ಆಗ ನನ್ನ ಕೈಕಾಲು ತಣ್ಣಗಾಯಿತು. ಹೋಗಿ ಗೀಸರ್ ಹೊತ್ತಿಸಿ ನೋಡಿದೆ. ಜ್ವಾಲೆ ನೀಲಿ ಇರಬೇಕಿತ್ತು. ತುದಿಯಲ್ಲಿ ಹಳದಿ ಇತ್ತು. ಮೇಲಿನ ತಗಡಿಗೆ ಮಸಿ ಹಿಡಿದಿತ್ತು. ಕೂಡಲೇ ಆರಿಸಿ, ಸಿಲಿಂಡರ್ ಬಿಚ್ಚಿಸಿದೆ.

ಆಗಿದ್ದು ಇದು. ಒಂದು ಕಿಲೋ ಗ್ಯಾಸ್ ಪೂರ್ತಿ ಉರಿಯಲು ಸುಮಾರು 12 ಘನ ಮೀಟರ್ ಗಾಳಿ ಬೇಕು. ಆ ಕೋಣೆಯಲ್ಲಿದ್ದ ಒಟ್ಟು ಗಾಳಿ ಐದೂವರೆ ಘನ ಮೀಟರ್. ಮೂರು ಜನ ಸಾಲಾಗಿ ಸ್ನಾನ ಮಾಡುವಷ್ಟರಲ್ಲಿ ಅದರ ದೊಡ್ಡ ಪಾಲು ಜ್ವಾಲೆಯ ಮೂಲಕ ಹಾದುಹೋಗಿರುತ್ತದೆ. ಆಮ್ಲಜನಕ ಇಳಿಯುತ್ತಾ ಹೋದಂತೆ ಗ್ಯಾಸ್ ಅರೆಬರೆ ಉರಿದು ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಕಣ್ಣು ಉರಿಯುವುದಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಮೊದಲು ಹೋದ ಮಗ ಬಚಾವಾದರು. ಮೂರನೆಯವಳಾಗಿ ಹೋಗಿ, ತಲೆಸ್ನಾನ ಎಂದು ಜಾಸ್ತಿ ಹೊತ್ತು ಇದ್ದ ಹುಡುಗಿ ಬಿದ್ದಳು.

ಬೆರಳಿನ ಯಂತ್ರದ ವಿಷಯ ಎಲ್ಲರಿಗೂ ಗೊತ್ತಿರಬೇಕು. ಕೋವಿಡ್ ಕಾಲದಲ್ಲಿ ಮನೆ ಮನೆಗೆ ಬಂದ ಆ ಸಾಮಾನ್ಯ ಆಕ್ಸಿಮೀಟರ್‌ಗೆ ಆಮ್ಲಜನಕ ಹಿಡಿದ ರಕ್ತ ಯಾವುದು, ಕಾರ್ಬನ್ ಮೊನಾಕ್ಸೈಡ್ ಹಿಡಿದ ರಕ್ತ ಯಾವುದು ಎಂದು ಬೇರೆ ಮಾಡಿ ಗುರುತಿಸಲು ಆಗುವುದಿಲ್ಲ. ಎರಡನ್ನೂ ಚೆನ್ನಾಗಿದೆ ಎಂದೇ ತೋರಿಸುತ್ತದೆ. ಅದನ್ನು ಪತ್ತೆ ಮಾಡಲು ಬೇರೆ ರಕ್ತಪರೀಕ್ಷೆ ಬೇಕು. ಹಾಗಾಗಿ ಬಚ್ಚಲಲ್ಲಿ ಯಾರಾದರೂ ಬಿದ್ದರೆ ಮೊದಲು ಹೊರಗಿನ ಗಾಳಿಗೆ ತನ್ನಿ. ಆಮೇಲೆ ಆಸ್ಪತ್ರೆಯಲ್ಲಿ ‘ಒಳಗೆ ಗ್ಯಾಸ್ ಗೀಸರ್ ಉರಿಯುತ್ತಿತ್ತು’ ಎಂದು ನೀವಾಗಿಯೇ ಹೇಳಿ. ಅದನ್ನು ಕೇಳಿದರೆ ವೈದ್ಯರ ಯೋಚನೆಯ ದಾರಿಯೇ ಬದಲಾಗುತ್ತದೆ. ಈ ಮನೆಯವರು ಅದನ್ನು ಹೇಳಿರಲಿಲ್ಲ. ಹೇಳಬೇಕು ಅಂತ ನಾನೂ ಅವರಿಗೆ ತಿಳಿಸಿರಲಿಲ್ಲ.

ಹಿಂದಕ್ಕೆ ಹೋದ ಎಂಟು ತಿಂಗಳು

ಅದಾದ ಮೇಲೆ ಆ ಮನೆಯಲ್ಲಿ ಗ್ಯಾಸ್ ಎಂದರೆ ಭಯ. ಐದೂ ಜನ ಹಳೆ ಬಚ್ಚಲಿಗೆ ವಾಪಸ್ ಬಂದರು. ‘ನಮ್ಮ ಹೊಗೆ ಕಣ್ಣಿಗಾದ್ರೂ ಕಾಣುತ್ತೆ ಮಾರಾಯ್ತಿ’ ಎಂದರು ಅಜ್ಜಿ. ನನಗೆ ಉತ್ತರ ಇರಲಿಲ್ಲ. ಮಗ ನನ್ನ ಜೊತೆ ಸರಿಯಾಗಿ ಮಾತಾಡುವುದನ್ನೇ ಬಿಟ್ಟರು. ಅವರ ಸಿಟ್ಟಿನಲ್ಲಿ ನ್ಯಾಯ ಇತ್ತು.

ಆ ಮಳೆಗಾಲದಲ್ಲಿ ಸೌದೆ ಇನ್ನೂ ಹಸಿ. ಒಲೆ ಇನ್ನೂ ಜಾಸ್ತಿ ಹೊತ್ತು. ಜುಲೈ ಕೊನೆಗೆ ಅಜ್ಜಿ ಎರಡನೇ ಸಲ ಆಸ್ಪತ್ರೆ ಸೇರಿದರು. ಅಲ್ಲಿಂದ ಬಂದ ಮೇಲೆ ಒಂದು ದಿನ ಅಜ್ಜಿ ಹೊಸದೊಂದು ಉಪಾಯ ಹೇಳಿದರು. ಬಚ್ಚಲಿಗೆ ಹೋಗುವುದಿಲ್ಲ, ಬದಲಿಗೆ ರಾತ್ರಿ ಬಾಣಲೆಯಲ್ಲಿ ಕೆಂಡ ತಂದು ಮಂಚದ ಕೆಳಗೆ ಇಟ್ಟುಕೊಳ್ಳುತ್ತೇನೆ, ಕೆಂಡಕ್ಕೆ ಹೊಗೆ ಇಲ್ಲವಲ್ಲ ಎಂದು. ನಾನು ಹೆದರಿಬಿಟ್ಟೆ. ಮುಚ್ಚಿದ ಕೋಣೆಯಲ್ಲಿ ಹೊಗೆ ಇಲ್ಲದ ಕೆಂಡವೂ ಅದೇ ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ. ಮೊಮ್ಮಗಳೇ ಎದುರು ಕೂತು ‘ಅಜ್ಜೀ, ನಂಗಾದಂಗೆ ಆಗುತ್ತೆ’ ಎಂದಳು. ಅಜ್ಜಿ ಆ ಮಾತು ಬಿಟ್ಟರು. ನನ್ನ ಹತ್ತು ಮಾತಿಗಿಂತ ಅವಳ ಒಂದು ಮಾತಿಗೆ ತೂಕ ಇತ್ತು.

ಆದರೆ ಅಜ್ಜಿಯ ಆ ಉಪಾಯದಲ್ಲಿ ನಾನು ಗಮನಿಸದ ಒಂದು ವಿಷಯ ಇತ್ತು. ಅವರು ನೀರಿನ ಮಾತೇ ಆಡಿರಲಿಲ್ಲ. ಕೇಳಿದ್ದು ಬೆಚ್ಚಗಿರಲು ಒಂದು ದಾರಿ.

ಒಂದು ಬೆಳಗ್ಗೆ ಬಚ್ಚಲಲ್ಲಿ

ಸೆಪ್ಟೆಂಬರ್‌ನಲ್ಲಿ ಒಂದು ರಾತ್ರಿ ಅವರ ಮನೆಯಲ್ಲೇ ಉಳಿದೆ. ಬೆಳಗ್ಗೆ ನಾಲ್ಕೂವರೆಗೆ ಅಜ್ಜಿಯ ಜೊತೆ ಬಚ್ಚಲಿಗೆ ಹೋಗಿ ಕೂತೆ. ಒಂಬತ್ತರವರೆಗೆ ಏನೇನು ನಡೆಯುತ್ತದೆ ಎಂದು ಸುಮ್ನೆ ನೋಡಿದೆ. ಕಣ್ಣು, ಗಂಟಲು ಉರಿದು ನಾಲ್ಕು ಸಲ ಹೊರಗೆ ಬಂದೆ. ಅಜ್ಜಿ ಒಂದು ಸಲವೂ ಬರಲಿಲ್ಲ.

ಸ್ನಾನದ ನೀರು ಕಾದಿದ್ದು ಮೊದಲ ಒಂದು ಗಂಟೆಯಲ್ಲಿ. ಆಮೇಲಿನ ಮೂರೂವರೆ ಗಂಟೆ ಬೆಂಕಿ ಉರಿದಿದ್ದು ಬೇರೆ ಕೆಲಸಗಳಿಗೆ. ಅಕ್ಕಚ್ಚು, ಹುರುಳಿ. ಗಳದ ಮೇಲಿನ ಒದ್ದೆ ಬಟ್ಟೆ. ಮತ್ತೆ, ಅಜ್ಜಿಯ ಚಳಿ. ಮಗ ಬಂದು ಐದು ನಿಮಿಷ ಬೆಂಕಿ ಕಾಯಿಸಿಕೊಂಡು ಅವತ್ತಿನ ಕೆಲಸ ಹೇಳಿ ಹೋದರು. ಮೊಮ್ಮಗ ಅಲ್ಲೇ ಕೂತು ಮಗ್ಗಿ ಹೇಳಿದ. ಗಂಡ ಹೋದ ಮೇಲೆ ಆ ಮನೆಯಲ್ಲಿ ಅಜ್ಜಿಯದೇ ಎನ್ನುವ ಜಾಗ ಅದೊಂದೇ. ‘ಒಲೆ ಬಿಡಿ’ ಎಂದು ನಾನು ಒಂದು ವರ್ಷ ಹೇಳಿದ್ದು ಎಷ್ಟನ್ನು ಬಿಡಿ ಎಂದಂತೆ ಎಂದು ಅವತ್ತು ಅರ್ಥವಾಯಿತು.

ಇಡೀ ಪ್ರಕರಣದ ತಿರುವು ಇದೇ ಎಂದು ನನಗೆ ಅನ್ನಿಸುತ್ತದೆ. ನಾಲ್ಕು ಕೆಲಸ ಮಾಡುವ ಒಲೆಯ ಜಾಗಕ್ಕೆ ಒಂದು ಕೆಲಸ ಮಾಡುವ ಯಂತ್ರ ತಂದರೆ ಒಲೆ ಆರುವುದಿಲ್ಲ. ಖರ್ಚು ಮಾತ್ರ ಎರಡಾಗುತ್ತದೆ. ಹಾಗಾಗಿ ಕೆಲಸಗಳನ್ನು ಬೇರೆ ಬೇರೆ ಮಾಡಿಕೊಂಡು, ಮನೆಯವರೆಲ್ಲ ಕೂತು, ಒಂದೊಂದಕ್ಕೂ ಏನು ಎಂದು ಮಾತಾಡಿದೆವು. ಮೊದಲ ಸಲ ಅಜ್ಜಿಯನ್ನೂ ಕೂರಿಸಿಕೊಂಡು.

ಸ್ನಾನದ ನೀರಿಗೆ ಕರೆಂಟ್ ಗೀಸರ್ ಹಾಕೋಣ ಎಂದು ಮಗ ಹೇಳಿದರು. ಆಗ ಗೃಹಜ್ಯೋತಿ ಶುರುವಾಗಿತ್ತು, 200 ಯೂನಿಟ್ ಫ್ರೀ ಅಲ್ವಾ ಎಂದು. ಆದರೆ ಎಲ್ಲರಿಗೂ 200 ಸಿಗುವುದಿಲ್ಲ. ಆಗ 2022–23ರಲ್ಲಿ ಬಳಸಿದ ಸರಾಸರಿಗೆ ನೂರಕ್ಕೆ 10 ಸೇರಿಸಿ ಮಿತಿ ಹಾಕುತ್ತಿದ್ದರು. ಈ ಮನೆಯ ಸರಾಸರಿ 62, ಹಾಗಾಗಿ ಮಿತಿ 68. ಗೀಸರ್ ತಿಂಗಳಿಗೆ 100 ಯೂನಿಟ್ ತಿಂದರೆ ಅದಕ್ಕೆ ದುಡ್ಡು ಕೊಡಲೇಬೇಕು. ಅರ್ಥಿಂಗ್, ವೈರಿಂಗ್ ಹೊಸದಾಗಿ ಮಾಡಿಸಬೇಕು. ಮಳೆಗಾಲದಲ್ಲಿ ಮರ ಬಿದ್ದರೆ ಎರಡು ಮೂರು ದಿನ ಕರೆಂಟೇ ಇಲ್ಲ. ಪೇಟೆಯ ಮನೆಗಾದರೆ ನಾನು ಅದನ್ನೇ ಹೇಳುತ್ತಿದ್ದೆ, ಇಲ್ಲಿಗೆ ಹೊಂದಲಿಲ್ಲ.

ಗ್ಯಾಸ್ ಗೀಸರ್ ಮತ್ತೆ ಬಂತು, ಆದರೆ ಮನೆಯ ಹೊರಗೆ. ಹಿತ್ತಿಲ ಸೂರಿನ ಕೆಳಗೆ, ಮೂರು ಕಡೆ ತೆರೆದ ಜಾಗದಲ್ಲಿ ಗೋಡೆಗೆ ಹಾಕಿ, ಪೈಪಿನಲ್ಲಿ ಬಿಸಿನೀರು ಮಾತ್ರ ಒಳಗೆ ಬರುವಂತೆ ಮಾಡಿಸಿದರು. ಸಿಲಿಂಡರ್ ಕೂಡ ಹೊರಗೆ. 2,800 ರೂಪಾಯಿ ಖರ್ಚು. ಹುಡುಗಿ ಬೀಳುವ ಮೊದಲೇ ಇಷ್ಟು ಮಾಡಬಹುದಿತ್ತು. ಗಾಳಿಕಿಂಡಿಯ ಪ್ಲಾಸ್ಟಿಕ್ ಅನ್ನು ಹುಡುಗಿಯೇ ಕಿತ್ತಳು. ಆದರೂ ಮೊದಲ ತಿಂಗಳು ಅವಳು ಬಾಗಿಲ ಚಿಲಕ ಹಾಕದೆ, ತಾಯಿಯನ್ನು ಹೊರಗೆ ನಿಲ್ಲಿಸಿಕೊಂಡೇ ಸ್ನಾನ ಮಾಡಿದಳು.

ಅಕ್ಕಚ್ಚು ಮತ್ತು ಬಟ್ಟೆಗೆ ಒಲೆ ಉಳಿಯಿತು. ಆದರೆ ಅದನ್ನು ಕೆಡವಿ ಹೊಸದಾಗಿ ಕಟ್ಟಿದರು. ಊರಿನ ಹಿರಿಯ ಮೇಸ್ತ್ರಿಯೊಬ್ಬರು ಹರೆಯದಲ್ಲಿ ಅಸ್ತ್ರ ಒಲೆ ಕಟ್ಟಲು ಕಲಿತವರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ವಿಭಾಗ ರೂಪಿಸಿದ ಒಲೆ ಅದು. ಅಡುಗೆ ಒಲೆಯ ಆ ಬುದ್ಧಿಯನ್ನೇ ಅವರು ಇಲ್ಲಿಗೆ ತಂದರು. ಬೆಂಕಿಯ ಕೆಳಗೆ ಗಾಳಿ ಬರಲು ಕಬ್ಬಿಣದ ಜಾಲರಿ, ಸೌದೆ ಹಾಕುವ ಬಾಯಿ ಸಣ್ಣದು, ಹಂಡೆಯ ಸುತ್ತ ಬಿಸಿ ಸುತ್ತಿ ಹೋಗುವ ದಾರಿ, ಆಮೇಲೆ ಹೊಗೆ ಪೈಪು. 9,400 ರೂಪಾಯಿ ಆಯಿತು. ಮೊದಲ ಗಾಳಿಮಳೆಗೆ ಹೊಗೆ ವಾಪಸ್ ಒಳಗೇ ಬಂತು. ಪೈಪಿನ ತುದಿ ಮಾಡಿನ ನೆತ್ತಿಗಿಂತ ಕೆಳಗಿತ್ತು. ಮೂರಡಿ ಏರಿಸಿ, ಮೇಲೊಂದು ಟೋಪಿ ಇಟ್ಟ ಮೇಲೆ ಸರಿಹೋಯಿತು. ಅದಕ್ಕೆ ಇನ್ನೂ 1,100. ಸೌದೆಯನ್ನು ಬೇಸಿಗೆಯಲ್ಲೇ ಒಡೆದು, ತಗಡಿನ ಕೆಳಗೆ ಒಟ್ಟಿ, ಮುಂದಿನ ವರ್ಷಕ್ಕೆ ಇಡುವ ರೂಢಿ ಮಾಡಿದರು.

ಅಜ್ಜಿಯ ಚಳಿಗೆ ಯಂತ್ರ ಬೇಕಾಗಲಿಲ್ಲ. ಅವರ ಮಂಚ ಅಡುಗೆಮನೆಯ ಪಕ್ಕದ ಕೋಣೆಗೆ ಬಂತು. ರಬ್ಬರಿನ ಬಿಸಿನೀರು ಚೀಲ, ದಪ್ಪ ಕಂಬಳಿ, ಕಾಲುಚೀಲ. ಬೆಳಗ್ಗೆ ಎದ್ದು ಅವರು ಈಗ ಅಡುಗೆಮನೆಯ ಕಟ್ಟೆಯ ಹತ್ತಿರ ಕೂರುತ್ತಾರೆ. ಮಗ್ಗಿ ಹೇಳುವುದೂ ಅಲ್ಲಿಗೆ ಬಂತು. ಒಲೆಗೆ ಸೌದೆ ಹಾಕುವ ಕೆಲಸ ಮಗನದ್ದು. ಇದನ್ನು ಸೊಸೆ ಪಟ್ಟು ಹಿಡಿದು ಮಾಡಿಸಿದರು. ಅಲ್ಲಿಯವರೆಗೆ ಸೌದೆ ಕೊಳ್ಳುವ ನಿರ್ಧಾರ ಒಬ್ಬರದ್ದು, ಹೊಗೆ ಕುಡಿಯುವುದು ಇಬ್ಬರದ್ದು ಆಗಿತ್ತು.

ಎರಡು ವರ್ಷದ ಫಲ

2024ರ ಮಳೆಗಾಲದಲ್ಲಿ ಅಜ್ಜಿ ಆಸ್ಪತ್ರೆ ಸೇರಲಿಲ್ಲ. ಒಂದು ಸಲ ಕಫ ಜಾಸ್ತಿಯಾಗಿ ಮಾತ್ರೆಯಲ್ಲೇ ಹತೋಟಿಗೆ ಬಂತು. ಕೆಮ್ಮು ಹೋಗಿಲ್ಲ. ಊದಿಸುವ ಪರೀಕ್ಷೆಯ ಅಂಕಿ ಮೇಲೆ ಬಂದಿಲ್ಲ, ಬರುವ ಕಾಯಿಲೆಯೂ ಅಲ್ಲ. ಏರಿನಲ್ಲಿ ಎರಡು ಕಡೆ ನಿಲ್ಲುತ್ತಿದ್ದವರು ಈಗ ಒಂದು ಕಡೆ ನಿಲ್ಲುತ್ತಾರೆ. ಇನ್ಹೇಲರ್ ಖರ್ಚು ಹಾಗೇ ಇದೆ. ಹತ್ತು ವರ್ಷ ಮೊದಲೇ ಯಾರಾದರೂ ಬಚ್ಚಲಿಗೆ ಇಣುಕಿದ್ದರೆ ಎಂದು ನನಗೆ ಬಹಳ ಸಲ ಅನ್ನಿಸಿದೆ.

ದುಡ್ಡಿನ ಲೆಕ್ಕ: ಗೀಸರ್, ಪೈಪು, ಒಲೆ ಎಲ್ಲ ಸೇರಿ ಒಂದು ಸಲದ ಖರ್ಚು 17,500. ಆಮೇಲೆ ವರ್ಷಕ್ಕೆ ಎಂಟು ಸಿಲಿಂಡರ್, ಆಗಿನ ಬೆಲೆಯಲ್ಲಿ ಸುಮಾರು 6,500. ಸೌದೆ ಮನೆಯದ್ದೇ ಸಾಕಾಯಿತು, ಒಡೆಸಿದ್ದಕ್ಕೆ 1,200. ಹಳೆಯ 11,800ರ ಜಾಗಕ್ಕೆ 7,700. ಇಂಧನದಲ್ಲಿ ಉಳಿಯುವುದು ವರ್ಷಕ್ಕೆ ನಾಲ್ಕು ಸಾವಿರದ ಆಸುಪಾಸು. ಹಾಕಿದ ದುಡ್ಡು ಅದರಿಂದಲೇ ವಾಪಸ್ ಬರಲು ನಾಲ್ಕು ವರ್ಷಕ್ಕೂ ಜಾಸ್ತಿ ಬೇಕು. ಆಸ್ಪತ್ರೆಯ ಒಂದು ಸಲದ ಬಿಲ್ ಸೇರಿಸಿದರೆ ಲೆಕ್ಕ ಒಂದೇ ವರ್ಷದಲ್ಲಿ ಮುಗಿಯುತ್ತದೆ. ಮನೆಯವರಿಗೆ ಹೇಳುವಾಗ ನಾನು ಎರಡನ್ನೂ ಹೇಳುತ್ತೇನೆ. ಗ್ಯಾಸ್ ಹಾಕಿದರೆ ತುಂಬ ಉಳಿಯುತ್ತದೆ ಎಂದು ಆಸೆ ಹುಟ್ಟಿಸಿದರೆ ಮೊದಲ ಸಿಲಿಂಡರ್ ಬಿಲ್ಲಿಗೇ ನಂಬಿಕೆ ಹೋಗುತ್ತದೆ.

ಎಲ್ಲವೂ ಸಲೀಸಾಗಿ ನಡೆಯಲಿಲ್ಲ. ಮೊದಲ ವರ್ಷ ಜೂನ್, ಜುಲೈನಲ್ಲಿ ಸಿಲಿಂಡರ್ ಖಾಲಿಯಾದಾಗ ಕೈಯಲ್ಲಿ 800 ರೂಪಾಯಿ ಇರಲಿಲ್ಲ. ಅಡಿಕೆ ದುಡ್ಡು ಮುಗಿದಿರುತ್ತದೆ, ಶಾಲೆಯ ಖರ್ಚು ಆಗಷ್ಟೇ ಹೋಗಿರುತ್ತದೆ. ಮೂರು ವಾರ ಮತ್ತೆ ಹಂಡೆ ನೀರು. ಆಗ ಮಗ ಹಿಂದೆ ಹೇಳಿದ ಮಾತು ನೆನಪಾಯಿತು. ಸೌದೆಯ ದುಡ್ಡು ಅಡಿಕೆ ಮಾರಿದಾಗ ಒಟ್ಟಿಗೆ ಹೋಗುತ್ತಿತ್ತು. ಗ್ಯಾಸ್ ಹಾಗಲ್ಲ, ಪ್ರತಿ ಒಂದೂವರೆ ತಿಂಗಳಿಗೆ ಕೈ ಚಾಚುತ್ತದೆ. ಒಟ್ಟು ಮೊತ್ತ ಕಡಿಮೆಯಾದರೂ ಅದು ಕೇಳುವ ಹೊತ್ತು ತಪ್ಪು. 2025ರ ಫೆಬ್ರವರಿಯಲ್ಲಿ ಅಡಿಕೆ ಮಾರಿದ ದಿನವೇ ಸೊಸೆ 6,500 ರೂಪಾಯಿ ತೆಗೆದು ತಮ್ಮ ಸ್ವಸಹಾಯ ಸಂಘದ ಖಾತೆಗೆ ಹಾಕಿದರು. ಅದು ಸ್ನಾನದ ಗ್ಯಾಸಿಗೆ ಮಾತ್ರ. ಆ ಮಳೆಗಾಲದಲ್ಲಿ ಒಲೆಗೆ ಹಿಂತಿರುಗಿದ್ದು ಸಿಲಿಂಡರ್ ಬರುವುದು ತಡವಾದ ನಾಲ್ಕು ದಿನ ಮಾತ್ರ.

ನನ್ನ ಕೆಲಸದಲ್ಲಿ ಬದಲಾದದ್ದು

ನನ್ನ ಫಾರಂನಲ್ಲಿ ಜಾಗ ಇಲ್ಲ. ಆದರೆ ಅಂಚಿನಲ್ಲಿ ಪೆನ್ನಿನಲ್ಲಿ ಮೂರು ಪ್ರಶ್ನೆ ಬರೆದುಕೊಳ್ಳುತ್ತೇನೆ. ಸ್ನಾನದ ನೀರು ಯಾವುದರಲ್ಲಿ ಕಾಯುತ್ತದೆ? ಅದು ಉರಿಯುವ ಜಾಗಕ್ಕೆ ಗಾಳಿ ಎಲ್ಲಿಂದ ಬರುತ್ತದೆ? ಅಲ್ಲಿ ಜಾಸ್ತಿ ಹೊತ್ತು ಇರುವವರು ಯಾರು? ಕೇಳಿ ಸುಮ್ಮನಾಗುವುದಿಲ್ಲ, ಎದ್ದು ಹೋಗಿ ನೋಡುತ್ತೇನೆ. ಹೊಸ ಗೀಸರ್ ಎಂದರೆ ಯಾವ ಕಂಪನಿ ಎಂದು ಕೇಳುವ ಮೊದಲು ಯಾವ ಗೋಡೆ ಎಂದು ಕೇಳುತ್ತೇನೆ.

ಅಜ್ಜಿಯೂ ಕೇಳುತ್ತಾರೆ. ಮದುವೆ ಮನೆಯಲ್ಲಿ, ಸಂಘದ ಮೀಟಿಂಗಿನಲ್ಲಿ ಸಿಕ್ಕಿದವರಿಗೆಲ್ಲ ಅವರದು ಒಂದೇ ಪ್ರಶ್ನೆ: ‘ನಿಮ್ಮನೆ ಗೀಸರು ಒಳಗಿದ್ಯಾ, ಹೊರಗಿದ್ಯಾ?’ ಹಾಗೆ ಗೊತ್ತಾಗಿ ನಾವು ಹೋಗಿ ನೋಡಿದ 11 ಮನೆಗಳಲ್ಲಿ ನಾಲ್ಕರಲ್ಲಿ ಒಳಗಿತ್ತು. ಮೂರು ಮನೆಯವರು ಹೊರಗೆ ಹಾಕಿಸಿದರು. ನಾಲ್ಕನೆಯದು ಪೇಟೆ ಅಂಚಿನ ಬಾಡಿಗೆ ಮನೆ. ಗಂಡ ಹೆಂಡತಿ, ಎರಡು ವರ್ಷದ ಮಗು. ಗೋಡೆ ಕೊರೆಯಲು ಮಾಲೀಕರು ಒಪ್ಪುತ್ತಿಲ್ಲ. ಸದ್ಯಕ್ಕೆ ಅವರು ಗೀಸರ್‌ನಲ್ಲಿ ಬಕೆಟ್ ತುಂಬಿಸಿ, ಅದನ್ನು ಆರಿಸಿ, ಬಾಗಿಲು ತೆರೆದು ಹತ್ತು ನಿಮಿಷ ಬಿಟ್ಟು ಸ್ನಾನಕ್ಕೆ ಹೋಗುತ್ತಿದ್ದಾರೆ. ಚಳಿ ಜೋರಾದರೆ ಆ ಹತ್ತು ನಿಮಿಷ ಉಳಿಯುವುದಿಲ್ಲ ಎಂದು ನನಗೆ ಗೊತ್ತು. ಗುರುವಾರ ಮಾಲೀಕರ ಮನೆಗೆ ಹೋಗುತ್ತಿದ್ದೇನೆ. ಮೊಮ್ಮಗಳು ಈಗ ಪಿಯುಸಿ ಓದುತ್ತಿದ್ದಾಳೆ. ತಾನೂ ಬಂದು ಹೇಳುತ್ತೇನೆ ಎಂದಿದ್ದಾಳೆ.